ಊದುವುದು ಬೇರೆ, ಉಚ್ಚರಿಸುವುದು ಬೇರೆ

ಮೂಗನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು 'ಪಾಪ' ಎನ್ನಿ. ವ್ಯತ್ಯಾಸವೇನೂ ತಿಳಿಯುವುದಿಲ್ಲ. ಈಗ 'ಮಾಮ' ಎನ್ನಿ. ಅದು ಹೆಚ್ಚುಕಡಿಮೆ 'ಬಾಬ' ಎಂದು ಕೇಳುತ್ತದೆ. ಎರಡಕ್ಕೂ ತುಟಿಗಳು ಸೇರಬೇಕು. ಆದರೆ 'ಮ'ಕಾರಕ್ಕೆ ಮೂಗಿನ ದಾರಿ ತೆರೆದಿರಬೇಕು, 'ಪ'ಕಾರಕ್ಕೆ ಮುಚ್ಚಿರಬೇಕು.

ಈ ದಾರಿಯ ಬಾಗಿಲೇ ಮೃದು ಅಂಗುಳ. ಅದು ಮೇಲೆದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಂಡಾಗ ಬಾಯಿಯಲ್ಲಿ ಸುಮಾರು 6 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ ಏರ್ಪಡುತ್ತದೆ. ಸೀಳಂಗುಳದೊಂದಿಗೆ ಹುಟ್ಟಿದ ಮಗುವಿಗೆ ಇದು ಸಾಧ್ಯವಾಗುವುದಿಲ್ಲ. ತೂತಾದ ಟ್ಯೂಬಿಗೆ ಗಾಳಿ ಹೊಡೆದಂತೆ ಉಸಿರು ಮೂಗಿನಿಂದ ಸೋರಿಹೋಗುತ್ತದೆ. ಆಗ ಮಗು ತಾನೇ ಒಂದು ಉಪಾಯ ಕಂಡುಕೊಳ್ಳುತ್ತದೆ: ಸೋರಿಕೆಗಿಂತ ಕೆಳಗೆ, ಧ್ವನಿಪೆಟ್ಟಿಗೆಯಲ್ಲೇ ಗಾಳಿಯನ್ನು ತಡೆದು 'ಪ', 'ತ', 'ಕ'ಗಳನ್ನು ನುಡಿಯಲು ಯತ್ನಿಸುತ್ತದೆ.

1819ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಫಿಲಿಬೆರ್ ರೂ, ಮಾಂಟ್ರಿಯಲ್‌ನ ವೈದ್ಯವಿದ್ಯಾರ್ಥಿ ಜಾನ್ ಸ್ಟೀಫನ್‌ಸನ್ನನ ಸೀಳು ಮೃದು ಅಂಗುಳವನ್ನು ಹೊಲಿದ. ಮರುವರ್ಷ ಎಡಿನ್‌ಬರೋದಲ್ಲಿ ಸ್ಟೀಫನ್‌ಸನ್ ಇದೇ ಶಸ್ತ್ರಕ್ರಿಯೆಯ ಬಗ್ಗೆ ಪ್ರಬಂಧ ಬರೆದು ಪದವಿ ಪಡೆದ. ಆದರೆ ಹೊಲಿಗೆ ಹಾಕಿದೊಡನೆ ಎಲ್ಲರ ಮಾತೂ ಸರಿಹೋಗಲಿಲ್ಲ. ಬಾಗಿಲು ದುರಸ್ತಿಯಾದರೂ ಹಳೆಯ ಅಭ್ಯಾಸ ಉಳಿಯುತ್ತದೆಯಷ್ಟೆ! 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲೇ ವಿಕ್ತರ್ ವೋ ಎಂಬ ಶಸ್ತ್ರವೈದ್ಯರೊಂದಿಗೆ ಸುಝಾನ್ ಬೊರೆಲ್ ದುಡಿಯತೊಡಗಿದರು. ಹೊಲಿದ ನಂತರ ಕಲಿಸಬೇಕಾದುದೂ ಇದೆ ಎಂಬುದು ಹೀಗೆ ಸ್ಪಷ್ಟವಾಯಿತು.

ಏನನ್ನು ಕಲಿಸಬೇಕು? ಅಂಗುಳದ ಸ್ನಾಯು ದುರ್ಬಲ, ವ್ಯಾಯಾಮದಿಂದ ಬಲಗೊಳ್ಳುತ್ತದೆ ಎಂಬ ನಂಬಿಕೆಯಿಂದ ಮಕ್ಕಳ ಕೈಯಲ್ಲಿ ಪೀಪಿ, ಬಲೂನು ಊದಿಸುವುದು ಬಹುಕಾಲ ನಡೆಯಿತು. ಇದಕ್ಕೆ ಉತ್ತರ ದೊರಕಿದ್ದು ಅಳತೆಗಳಿಂದ. 1964ರಲ್ಲಿ ವಾರೆನ್ ಮತ್ತು ಡುಬಾಯ್ಸ್, ರಂಧ್ರದ ಎರಡೂ ಬದಿಯ ಒತ್ತಡಗಳ ವ್ಯತ್ಯಾಸ ಮತ್ತು ಮೂಗಿನಲ್ಲಿ ಹರಿಯುವ ಗಾಳಿಯ ಪ್ರಮಾಣದಿಂದ ರಂಧ್ರದ ವಿಸ್ತೀರ್ಣವನ್ನು ಲೆಕ್ಕಹಾಕಿದರು. ನೀವು ತರಗತಿಯಲ್ಲಿ ಓದುವ ದ್ರವಚಲನೆಯ ಸೂತ್ರವೇ ಇಲ್ಲಿಯೂ ಬಳಕೆಯಾದದ್ದು. ರಂಧ್ರ ಸುಮಾರು 20 ಚದರ ಮಿಲಿಮೀಟರಿಗಿಂತ ದೊಡ್ಡದಾದರೆ ಮಾತಿಗೆ ಬೇಕಾದ ಒತ್ತಡ ನಿಲ್ಲದು. ಮರುವರ್ಷ ಮೋಲ್ ಎಂಬುವರ ಎಕ್ಸ್-ಕಿರಣ ಚಲನಚಿತ್ರಗಳು ಊದುವಾಗ, ನುಂಗುವಾಗ, ಮಾತನಾಡುವಾಗ ಬಾಗಿಲು ಮುಚ್ಚಿಕೊಳ್ಳುವ ಬಗೆಗಳು ಒಂದೇ ಅಲ್ಲವೆಂದು ತೋರಿಸಿದವು. 1974ರಲ್ಲಿ ಪವರ್ಸ್ ಮತ್ತು ಸ್ಟಾರ್ ಕೆಲವು ಮಕ್ಕಳಿಗೆ ಆರು ವಾರ ಇಂಥ ವ್ಯಾಯಾಮ ಮಾಡಿಸಿ ನೋಡಿದರು. ರಂಧ್ರವೂ ಕುಗ್ಗಲಿಲ್ಲ, ಮೂಗಿನ ದನಿಯೂ ಕಡಿಮೆಯಾಗಲಿಲ್ಲ.

ಹಾಗಾಗಿ ಇಂದು ಕೆಲಸ ಹಂಚಿಕೆಯಾಗಿದೆ. ದೊಡ್ಡ ರಂಧ್ರವನ್ನು ಶಸ್ತ್ರಕ್ರಿಯೆ ಇಲ್ಲವೇ ಕೃತಕ ಸಾಧನ ಮುಚ್ಚಬೇಕು. ತಪ್ಪು ಉಚ್ಚಾರದ ಸ್ಥಾನವನ್ನು ವಾಕ್ ಚಿಕಿತ್ಸೆ ತಿದ್ದಬೇಕು. ಚಿಕಿತ್ಸಕರು ಮಗುವಿನಿಂದ 'ಪ್' ಎಂದು ಪಿಸುಗುಟ್ಟಿಸಿ, ಅದಕ್ಕೆ 'ಹಾ' ಸೇರಿಸಿ 'ಪ್-ಹಾ' ಎನ್ನಿಸುತ್ತಾರೆ. ಏಕೆ ಗೊತ್ತೆ? ಧ್ವನಿಪೆಟ್ಟಿಗೆ ಮುಚ್ಚಿಕೊಂಡಿದ್ದರೆ 'ಹ'ಕಾರ ಹೊರಡುವುದೇ ಇಲ್ಲ! ಅನಂತರ ಅಕ್ಷರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ಅಭ್ಯಾಸ ಸಾಗುತ್ತದೆ. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಅಂಥ ಮಗು ಇದ್ದರೆ 'ಸರಿಯಾಗಿ ಹೇಳು' ಎಂದು ಗದರಬೇಡಿ, ಬಲೂನು ಊದೆಂದು ಸಲಹೆಯನ್ನೂ ಕೊಡಬೇಡಿ. ಸೋರುವ ದಾರಿಯಲ್ಲೂ ಮಾತನಾಡಲು ಆ ಮಗು ತನ್ನದೇ ಉಪಾಯ ಹುಡುಕಿದೆ. ಅದನ್ನು ಬೇಗನೆ ಚಿಕಿತ್ಸಕರ ಬಳಿಗೆ ಕಳುಹಿಸುವುದು ನೀವು ಮಾಡಬಹುದಾದ ದೊಡ್ಡ ಉಪಕಾರ.