ಜಮಖಂಡಿಯ ಮೋಡದಿಂದ ಮೊಬೈಲಿನ ಚಂದ್ರನವರೆಗೆ



ನಮ್ಮ ಖಂಡೇರಾಜುರಿಯಿಂದ ಜಮಖಂಡಿ ಬಹಳ ದೂರವೇನಲ್ಲ. ಮಿರಜ, ಸಾಂಗಲಿಗಳಂತೆ ಅದೂ ಹಿಂದೆ ಪಟವರ್ಧನರ ಸಂಸ್ಥಾನ. ಇಂದು ನಡುವೆ ರಾಜ್ಯದ ಗಡಿ ಇದೆ. ಆದರೆ ಚಂದ್ರನ ನೆರಳಿಗೆ ಗಡಿ ಎಲ್ಲಿಯದು! 1868ರ ಆಗಸ್ಟ್ 18ರ ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಈ ಭಾಗವನ್ನು ದಾಟಿ ಜಮಖಂಡಿ, ವಿಜಾಪುರದ ಮೇಲೆ ಹಾದು ಗುಂಟೂರಿನ ಕಡೆಗೆ ಹೋಯಿತು.

ಆ ದಿನ ಜಮಖಂಡಿಯಲ್ಲಿ ದೂರದರ್ಶಕ ಹೂಡಿಕೊಂಡು ಕಾದವರು ಲೆಫ್ಟಿನೆಂಟ್ ಜಾನ್ ಹರ್ಶೆಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಶೆಲ್ ಅವರ ಮೊಮ್ಮಗ ಇವರು. ಆದರೆ ಅದು ಮಳೆಗಾಲ. ಗ್ರಹಣದ ಹೊತ್ತಿಗೆ ಮೋಡ ಕವಿಯಿತು. ಸ್ವಲ್ಪ ಹೊತ್ತು ಮಾತ್ರ ಮೋಡ ಸರಿದಾಗ ಹರ್ಶೆಲ್ ತಮ್ಮ ರೋಹಿತದರ್ಶಕದಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಹೊಳೆಯುವ ಗೆರೆಗಳನ್ನು ಕಂಡರು. ಸೂರ್ಯನ ಅಂಚಿನ ಜ್ವಾಲೆಗಳು ಕಾದು ಹೊಳೆಯುವ ಅನಿಲ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಅದೇ ಗ್ರಹಣದ ಫೋಟೋಗಳನ್ನು ಗುಂಟೂರಿನಲ್ಲಿ ಮೇಜರ್ ಟೆನ್ನೆಂಟ್ ಅವರ ತಂಡ ಗಾಜಿನ ಫಲಕಗಳ ಮೇಲೆ ತೆಗೆಯಿತು.

ಮಕ್ಕಳು ಮೊಬೈಲಿನಲ್ಲಿ ಚಂದ್ರನ ಫೋಟೋ ತೆಗೆದು ತೋರಿಸುವಾಗಲೆಲ್ಲ ನಮಗೆ ಈ ಜಮಖಂಡಿಯ ಕಥೆ ನೆನಪಾಗುತ್ತದೆ. ಏಕೆಂದರೆ ಚಂದ್ರ ಮತ್ತು ಗ್ರಹಗಳ ಛಾಯಾಚಿತ್ರದ ಇತಿಹಾಸವೆಲ್ಲ ಇದೇ ಆಗಿದೆ: ಆಕಾಶ ಒಂದು ಗಳಿಗೆ ಮಾತ್ರ ತಿಳಿಯಾಗುತ್ತದೆ, ಆ ಗಳಿಗೆಯನ್ನು ಹಿಡಿಯುವುದು ಹೇಗೆ?

ಚಂದ್ರನ ಫೋಟೋ ಬೇಗನೆ ಸಾಧ್ಯವಾಯಿತು. 1840ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಚಂದ್ರನನ್ನು ಮೂಡಿಸಿದರು. 1851ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಪ್ಪಲ್ ತೆಗೆದ ಚಂದ್ರನ ಚಿತ್ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಮೆಚ್ಚುಗೆ ಪಡೆಯಿತು. ಗ್ರಹಗಳ ಕಥೆ ಬೇರೆ. ದೂರದರ್ಶಕದಲ್ಲೂ ಅವು ಚಿಕ್ಕ ಬಿಲ್ಲೆಗಳಂತೆ ಕಾಣುತ್ತವೆ. ಪ್ಯಾರಿಸ್‌ನ ಹೆನ್ರಿ ಸಹೋದರರು ಗುರು ಮತ್ತು ಶನಿಯ ಒಳ್ಳೆಯ ಚಿತ್ರ ತೆಗೆಯಲು 1880ರ ದಶಕದ ನಡುವಿನವರೆಗೆ ಕಾಯಬೇಕಾಯಿತು.

ಅಡ್ಡಿ ಏನು? ನಮ್ಮ ತಲೆಯ ಮೇಲಿನ ಗಾಳಿ! ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ದೂರದ ವಸ್ತು ನಡುಗುವಂತೆ ಕಾಣುವುದಿಲ್ಲವೇ? ಹಾಗೆಯೇ ಗ್ರಹದ ಬಿಂಬವೂ ನಡುಗುತ್ತದೆ. ಕಣ್ಣು ಅದು ನಿಂತ ಕ್ಷಣವನ್ನು ಆರಿಸಿಕೊಳ್ಳುತ್ತದೆ. ಫೋಟೋ ಫಲಕಕ್ಕೆ ಆ ಜಾಣತನವಿಲ್ಲ, ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಕಲಸಿಬಿಡುತ್ತದೆ. 1905ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಲ್ಯಾಂಪ್ಲೆಂಡ್ ಮಂಗಳನ ಚಿತ್ರಗಳನ್ನು ತೆಗೆದರು. ಮಂಗಳದಲ್ಲಿ ಕಾಲುವೆಗಳಿವೆ ಎಂಬ ವಾದ ಆ ಪುಟ್ಟ ಚಿತ್ರಗಳಿಂದ ತೀರಲಿಲ್ಲ. 1965ರಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ಚಿತ್ರ ಕಳುಹಿಸಿದಾಗ ಅಲ್ಲಿ ಕಾಲುವೆಗಳು ಕಾಣಲಿಲ್ಲ.

ದಾರಿ ತೋರಿಸಿದ್ದು ಒಂದು ಅಗ್ಗದ ಸಾಧನ! 2000ರ ಆಸುಪಾಸಿನಲ್ಲಿ ಹವ್ಯಾಸಿಗಳು ಕಂಪ್ಯೂಟರಿನ ವೆಬ್‌ಕ್ಯಾಮನ್ನು ದೂರದರ್ಶಕಕ್ಕೆ ಜೋಡಿಸಿದರು. ಎರಡು ಮೂರು ನಿಮಿಷ ವಿಡಿಯೋ ತೆಗೆದರೆ ಸಾವಿರಾರು ಚಿತ್ರಗಳು ಸಿಗುತ್ತವೆ. ಗಾಳಿ ನಿಂತ ಗಳಿಗೆಯ ಚಿತ್ರಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂಡಿಸಿದರೆ ಬಿಂಬ ಸ್ಪಷ್ಟವಾಗುತ್ತದೆ. ಈ ಕೆಲಸಕ್ಕೆಂದೇ ನೆದರ್ಲೆಂಡಿನ ಹವ್ಯಾಸಿ ಕಾರ್ ಬೆರೆವೂಟ್ಸ್ ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ವಿಡಿಯೋ ಬಹಳ ಉದ್ದವಾಗಬಾರದು. ಗುರುಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಚಿತ್ರ ಮಸುಕಾಗುತ್ತದೆ.

ಇದರಿಂದ ಹವ್ಯಾಸಿಗಳು ವಿಜ್ಞಾನಿಗಳ ಜೊತೆಗಾರರಾದರು. 2006ರಲ್ಲಿ ಗುರುಗ್ರಹದ ಒಂದು ಬಿಳಿ ಸುಳಿ ಕೆಂಪಾಗಿರುವುದನ್ನು ಗಮನಿಸಿದವರು ಫಿಲಿಪೈನ್ಸ್‌ನ ಹವ್ಯಾಸಿ ಕ್ರಿಸ್ಟೋಫರ್ ಗೋ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಥೋನಿ ವೆಸ್ಲಿ ತಮ್ಮ ಮನೆಯಿಂದಲೇ ಗುರುಗ್ರಹದ ಮೇಲೆ ಹೊಸ ಕಪ್ಪು ಕಲೆಯನ್ನು ಕಂಡರು. ಯಾವುದೋ ಆಕಾಶಕಾಯ ಬಂದು ಬಡಿದಿತ್ತು! ಅವರು ತಿಳಿಸಿದ ಮೇಲೆ ದೊಡ್ಡ ದೂರದರ್ಶಕಗಳು ಅತ್ತ ತಿರುಗಿದವು. ನಮ್ಮ ಮಹಾರಾಷ್ಟ್ರದಲ್ಲೂ 2021ರ ಮೇ ತಿಂಗಳಲ್ಲಿ ಪುಣೆಯ 16 ವರ್ಷದ ವಿದ್ಯಾರ್ಥಿಯೊಬ್ಬ 50 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿ ಚಂದ್ರನ ಒಂದು ಚಿತ್ರ ಮಾಡಿದ.

"ಸರ್, ಇದೆಲ್ಲ ಇಂಗ್ಲಿಷ್ ಶಾಲೆಯ ಮಕ್ಕಳಿಗೆ" ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ. ಅದು ಸರಿಯಲ್ಲ. ಗ್ರಹಗಳು ಪ್ರಕಾಶಮಾನವಾದವು, ಅವುಗಳ ಚಿತ್ರಕ್ಕೆ ಕಗ್ಗತ್ತಲೆಯ ಆಕಾಶವೂ ಬೇಡ, ಗಾಳಿ ಶಾಂತವಾಗಿದ್ದರೆ ಸಾಕು. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆಯ ಬದಲು ಹುಲ್ಲಿನ ಮೇಲೆ ಚಿಕ್ಕ ದೂರದರ್ಶಕ ಇಡಿ. ಹುಣ್ಣಿಮೆಯ ಬದಲು ಶುಕ್ಲ ಅಷ್ಟಮಿಯ ಚಂದ್ರನನ್ನು ಆರಿಸಿ, ಆಗ ನೆರಳು ಉದ್ದವಾಗಿ ಬಿದ್ದು ಕುಳಿಗಳು ಎದ್ದು ಕಾಣುತ್ತವೆ. ಮೊಬೈಲನ್ನು ಕಣ್ಣು ಇಡುವ ಮಸೂರಕ್ಕೆ ಹಿಡಿದು, ಅಲುಗಾಡದಂತೆ ವಿಡಿಯೋ ತೆಗೆಯಿರಿ. ಸೂರ್ಯನ ಕಡೆಗೆ ಮಾತ್ರ ದೂರದರ್ಶಕ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ.

ಕೊನೆಗೆ ಒಂದು ಮಾತು. ಪ್ರತಿ ಚಿತ್ರದ ಕೆಳಗೆ ದಿನಾಂಕ, ವೇಳೆ, ಊರು ಬರೆಯಿಸಿ. ಕನ್ನಡದಲ್ಲೇ ಬರೆಯಲಿ. ಹರ್ಶೆಲ್ ಕಂಡದ್ದನ್ನು ಬರೆದಿಟ್ಟರು, ಅದಕ್ಕೇ ಜಮಖಂಡಿಯ ಆ ಬೆಳಗು ಇಂದಿಗೂ ಉಳಿದಿದೆ. ವೆಸ್ಲಿ ವೇಳೆ ಗುರುತಿಸಿದ್ದರಿಂದ ಅವರ ಚಿತ್ರ ವಿಜ್ಞಾನವಾಯಿತು. ಹಾಗೆ ಬರೆದಿಟ್ಟರೆ ನಮ್ಮ ಮಕ್ಕಳ ಚಂದ್ರನೂ ಒಂದು ದಾಖಲೆಯಾಗುತ್ತಾನೆ.