ತಟ್ಟೆಯಲ್ಲಿ ಬಾಳುವ ಮರ

ರಾಯಚೂರಿನ ಕೋಟೆಯನ್ನು ನೋಡಬಂದವರಿಗೆ ಊರವರು ಮೊದಲು ತೋರಿಸುವುದು ಪಡುವಣ ಗೋಡೆಯ ಮಹಾಶಿಲೆಯನ್ನು. ನಲವತ್ತೊಂದು ಅಡಿಗೂ ಮಿಕ್ಕಿ ಉದ್ದವಾದ ಆ ಕಲ್ಲಿನ ಮೇಲೆ, ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಕೊರೆದಿದೆ. ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವೂ ಅಲ್ಲಿ ಉಂಟು. ಶಾಸನವನ್ನು ಓದುವವರಿದ್ದಾರೆ, ಚಿತ್ರವನ್ನು ನೋಡಿ ಬೆರಗಾಗುವವರಿದ್ದಾರೆ. ಆದರೆ ಇಂಥ ಹಳೆಯ ಗೋಡೆಗಳ ಸಂದಿಯಲ್ಲಿ ಬೇರೂರಿದ ಅರಳಿಯನ್ನು ನಿಂತು ನೋಡುವವರು ಕಡಿಮೆ. ಹಕ್ಕಿ ಉದುರಿಸಿದ ಬೀಜ, ಹಿಡಿಯಷ್ಟು ಧೂಳು, ಮಳೆಗಾಲದ ನಾಲ್ಕು ಹನಿ: ಇಷ್ಟೇ ಅದರ ಆಸ್ತಿ. ಬಯಲಿನಲ್ಲಿ ಹುಟ್ಟಿದ್ದರೆ ಊರಿಗೆಲ್ಲ ನೆರಳಾಗುತ್ತಿದ್ದ ಮರ, ಅಲ್ಲಿ ಮೊಳದುದ್ದವಾಗಿ, ಬುಡ ದಪ್ಪವಾಗಿ, ಎಲೆ ಚಿಕ್ಕದಾಗಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಜಪಾನೀಯರು ಬೊನ್ಸಾಯ್ ಎಂದು ಕರೆಯುವ ವಿದ್ಯೆಯ ಮೂಲಸೂತ್ರ ಇದೇ. 'ಬೊನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಡುವುದು. ಕನ್ನಡದಲ್ಲಿ ಕುಬ್ಜವೃಕ್ಷವೆಂದೂ ವಾಮನವೃಕ್ಷವೆಂದೂ ಹೇಳುವುದುಂಟು. ಎರಡನೆಯ ಹೆಸರೇ ನನಗೆ ಒಪ್ಪಿಗೆ. ಕುಬ್ಜನೆಂದರೆ ಊನವುಳ್ಳವನು, ವಾಮನನಲ್ಲಿ ಊನವಿಲ್ಲ, ಅವನೊಳಗೆ ತ್ರಿವಿಕ್ರಮನಿದ್ದಾನೆ. ತಟ್ಟೆಯ ಅರಳಿಯನ್ನು ನೆಲಕ್ಕೆ ಇಳಿಸಿ ನೋಡಿ, ಕೆಲವೇ ವರ್ಷಗಳಲ್ಲಿ ಮನೆಯೆತ್ತರಕ್ಕೆ ಎದ್ದು ನಿಲ್ಲುತ್ತದೆ. ಮರ ಗಿಡಗಳ ಹೆಸರಿನ ಗೊಂದಲವಂತೂ ನಮ್ಮ ಸೀಮೆಯಲ್ಲಿ ಹುಟ್ಟುವುದೇ ಇಲ್ಲ. ಐವತ್ತಡಿ ಬೆಳೆದ ಬೇವೂ ನಮಗೆ ಬೇವಿನ ಗಿಡವೇ!

ಈ ವಿದ್ಯೆ ಭಾರತದಿಂದಲೇ ಹೊರಟಿತೆಂದು ವಾದಿಸುವವರುಂಟು. ವೃಕ್ಷಾಯುರ್ವೇದ ನಮ್ಮಲ್ಲಿ ಪ್ರಾಚೀನವಾದುದು ನಿಜ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಆದರೂ ಒಂದೇ ಮರವನ್ನು ತಲೆಮಾರುಗಳವರೆಗೆ ತಟ್ಟೆಯಲ್ಲಿ ಬಾಳಿಸಿದ ಪರಂಪರೆಗೆ ಸಾಕ್ಷಿ ಬೇಕೆಂದರೆ ಪೂರ್ವದೇಶಗಳ ಕಡೆಗೇ ತಿರುಗಬೇಕು. ಚೀನದ ತಾಂಗ್ ವಂಶದ ರಾಜಕುಮಾರನೊಬ್ಬನ ಗೋರಿಯ ಗೋಡೆಯಲ್ಲಿ, 706ರ ಚಿತ್ರದಲ್ಲಿ, ಪರಿಚಾರಕರು ತಟ್ಟೆಯಲ್ಲಿ ಪುಟ್ಟ ಗಿಡಗಳನ್ನೂ ಕಲ್ಲುಗಳನ್ನೂ ಹಿಡಿದು ನಡೆಯುತ್ತಾರೆ. ಜಪಾನಿನ 1309ರ ಚಿತ್ರಸುರುಳಿಯೊಂದರಲ್ಲಿಯೂ ಕುಂಡದ ಮರಗಳಿವೆ.

ಜಪಾನಿನ 'ಹಚಿ ನೊ ಕಿ' ಎಂಬ ನಾಟಕದ ಕಥೆ ಇಲ್ಲಿ ಹೇಳತಕ್ಕದ್ದು. ಹಿಮ ಸುರಿಯುವ ರಾತ್ರಿ ಸನ್ಯಾಸಿಯೊಬ್ಬ ಆಸರೆ ಬೇಡಿ ಬಡ ಯೋಧನ ಗುಡಿಸಲಿಗೆ ಬರುತ್ತಾನೆ. ಒಲೆಗೆ ಕಟ್ಟಿಗೆಯಿಲ್ಲ. ಯೋಧನಿಗೆ ಹಿಂದಿನ ಸಿರಿಯಲ್ಲಿ ಉಳಿದದ್ದು ಮೂರೇ ಕುಂಡದ ಮರಗಳು: ಪ್ಲಮ್, ಚೆರಿ, ಪೈನ್. ಅವನ್ನು ಕಡಿದು ಬೆಂಕಿಗೆ ಹಾಕಿ ಅತಿಥಿಯ ಚಳಿ ಕಳೆಯುತ್ತಾನೆ. ಬಂದವನು ರಾಜ್ಯವಾಳಿ ವಿರಕ್ತನಾದ ಹೋಜೋ ತೊಕಿಯೋರಿ. ಮುಂದೆ ಅವನು ಯೋಧನಿಗೆ ಆ ಮೂರು ಮರಗಳ ಹೆಸರನ್ನು ಹೊತ್ತ ಮೂರು ಊರುಗಳನ್ನು ಉಂಬಳಿ ಕೊಡುತ್ತಾನೆ. ಕಥೆಯನ್ನು ಮಕ್ಕಳಿಗೆ ಹೇಳಿದರೆ ಉಂಬಳಿಯ ಮಾತಿಗೆ ಚಪ್ಪಾಳೆ ತಟ್ಟುತ್ತಾರೆ. ಹತ್ತು ವರ್ಷ ಒಂದು ಮರವನ್ನು ಸಾಕಿದವನಿಗೆ ಮಾತ್ರ ಕೊಡಲಿಯ ಸದ್ದೇ ಕಿವಿಯಲ್ಲಿ ನಿಲ್ಲುತ್ತದೆ.

ಸಾಕುವುದೆಂದರೇನು? ನನ್ನ ಅರಳಿ ಮಾನ್ವಿಯ ಹಾಳುಬಾವಿಯೊಂದರ ಕಲ್ಲುಸಂದಿಯಲ್ಲಿ ಹುಟ್ಟಿದ್ದು. ಕೋಟೆ, ದೇವಾಲಯಗಳ ಕಲ್ಲಿಗೆ ಯಾರೂ ಕೈಹಾಕಬಾರದು. ಬೇರನ್ನು ಎಳೆದರೆ ಕಲ್ಲೂ ಸಡಿಲವಾಗುತ್ತದೆ. ಬಾವಿಯನ್ನು ದುರಸ್ತಿ ಮಾಡುವವರು ಕಿತ್ತೆಸೆದುದನ್ನು ನಾನು ಹಸಿಬಟ್ಟೆಯಲ್ಲಿ ಸುತ್ತಿ ತಂದೆ. ಮೊದಲ ಎರಡು ವರ್ಷ ಅಗಲವಾದ ಕುಂಡದಲ್ಲಿ ಬೆಳೆಸಿ, ತಾಯಿಬೇರನ್ನು ಮೊಟಕುಮಾಡಿ, ಸುತ್ತಣ ಬೇರುಗಳಿಗೆ ಬಲ ಬರಿಸಿದೆ. ಮೂರನೆಯ ವರ್ಷ ತುದಿಯನ್ನು ಕತ್ತರಿಸಿದೆ. ಮೇಲಕ್ಕೆ ಹೋಗಬೇಕಾದ ಶಕ್ತಿ ಆಗ ಪಕ್ಕದ ಕೊಂಬೆಗಳಿಗೆ ಇಳಿಯಿತು. ಕೊಂಬೆಗಳಿಗೆ ತಂತಿ ಸುತ್ತಿ ಬೇಕಾದ ಕಡೆಗೆ ಬಾಗಿಸಬಹುದು. ಆದರೆ ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಬೇಕು, ಇಲ್ಲವಾದರೆ ಆ ಗಾಯದ ಗುರುತು ಬಹುಕಾಲ ಉಳಿಯುತ್ತದೆ. ಎರಡು ವರ್ಷಕ್ಕೊಮ್ಮೆ, ಮಿರಗದ ಮಳೆ ಬಿದ್ದ ಮೇಲೆ, ಮರವನ್ನು ಹೊರತೆಗೆದು ಬೇರು ಸವರಿ, ಮಣ್ಣು ಬದಲಿಸುತ್ತೇನೆ.

ಮಣ್ಣಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಎಚ್ಚರವಾಗಿರಬೇಕು. ಹತ್ತಿ ಜೋಳಗಳಿಗೆ ತಾಯಿಯಾದ ಎರೆಮಣ್ಣು ತಟ್ಟೆಯಲ್ಲಿ ಮಲತಾಯಿ. ಮಳೆಯಲ್ಲಿ ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ, ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಮಸಾರಿಮಣ್ಣು, ದಪ್ಪ ಮರಳು, ಇಟ್ಟಿಗೆಯ ಚೂರು, ಹಳೆಯ ಗೊಬ್ಬರ ಕೂಡಿದರೆ ಸಾಕು. ದೇವದುರ್ಗದಲ್ಲಿ ನೌಕರಿಯಲ್ಲಿದ್ದಾಗ ಈ ಮಿಶ್ರಣದಲ್ಲಿಯೇ ಮರ ಚೇತರಿಸಿಕೊಂಡಿತು. ವರ್ಗವಾದಾಗ ಬಸ್ಸಿನಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ರಾಯಚೂರಿಗೆ ಬಂದೆ. ಪಕ್ಕದ ಹಿರಿಯರೊಬ್ಬರು, "ಮಾಸ್ತರೇ, ಇದು ಯಾವ ದೇವರಿಗ್ರೀ?" ಎಂದು ಕೇಳಿದ್ದರು.

ಇಂಥ ಮರ ಮನುಷ್ಯನಿಗಿಂತ ಎಷ್ಟು ಕಾಲ ಹೆಚ್ಚು ಬದುಕೀತು? ಹಿರೋಷಿಮಾದ ಯಮಾಕಿ ಮನೆತನದವರ ಬಳಿ ಒಂದು ಬಿಳಿ ಪೈನ್ ಇತ್ತು. 1625ರಿಂದ ತಟ್ಟೆಯಲ್ಲಿ ಬೆಳೆದದ್ದು. ಆ ವರ್ಷ ನಮ್ಮ ರಾಯಚೂರು ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಳ್ವಿಕೆಯಲ್ಲಿತ್ತು ಎಂದರೆ ಅದರ ವಯಸ್ಸು ತಿಳಿದೀತು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಜಾಗಕ್ಕೆ ಅದು ಇದ್ದ ಮನೆ ಎರಡು ಮೈಲಿಯಷ್ಟೇ ದೂರ. ಎತ್ತರದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆ, ಜಪಾನ್ ಕೊಟ್ಟ 53 ಬೊನ್ಸಾಯ್‌ಗಳಲ್ಲಿ ಅದೂ ಒಂದು. ಬಾಂಬು ಹಾಕಿದ ದೇಶಕ್ಕೇ ಮರವನ್ನು ಕೊಟ್ಟ ಯಮಾಕಿ ಅದರ ಪೂರ್ವಕಥೆಯನ್ನು ಸಾರಲಿಲ್ಲ. 2001ರಲ್ಲಿ ಅವರ ಮೊಮ್ಮಕ್ಕಳು ವಾಷಿಂಗ್ಟನ್ನಿಗೆ ಹೋಗಿ ಕೇಳಿದ ಮೇಲೆಯೇ ಅಲ್ಲಿಯವರಿಗೆ ವಿಷಯ ತಿಳಿದದ್ದು.

ಇಂಥವನ್ನು ಕಣ್ಣಾರೆ ನೋಡಬಯಸುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಲಾಲಬಾಗಿನಲ್ಲಿ ಬೊನ್ಸಾಯ್ ತೋಟವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೊನ್ಸಾಯ್ ಉದ್ಯಾನದಲ್ಲಿ ನೂರಾರು ಮರಗಳಿವೆ. ಮನೆಯಲ್ಲಿ ಬೆಳೆಸಹೊರಟವರು ಮಾತ್ರ ಏಪ್ರಿಲ್ ಮೇ ತಿಂಗಳುಗಳ ಲೆಕ್ಕ ಹಾಕಿಕೊಳ್ಳಬೇಕು. ಬಿಸಿಲು 40 ಡಿಗ್ರಿ ದಾಟುವ ನಮ್ಮಲ್ಲಿ ಎರಡು ಬೆರಳು ಆಳದ ಮಣ್ಣು ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ. ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ತಪ್ಪುವಂತಿಲ್ಲ. ಮದುವೆಗೋ ಯಾತ್ರೆಗೋ ಹೊರಟರೆ ತಟ್ಟೆಯನ್ನು ನೆರೆಮನೆಯವರಿಗೆ ಒಪ್ಪಿಸಿಯೇ ಹೋಗಬೇಕು.