ಹಿತ್ತಿಲ ಸೊಪ್ಪು ಹೇಳುವ ಚರಿತ್ರೆ

'ಹಿತ್ತಿಲ ಗಿಡ ಮದ್ದಲ್ಲ' ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಆದರೆ ಕಾಸರಗೋಡು ಸೀಮೆಯ ಹಿರಿಯ ಗೃಹಿಣಿಯರು ಈ ಗಾದೆಯನ್ನು ಬಾಯಲ್ಲಿ ಹೇಳಿದರೂ ಕೈಯಲ್ಲಿ ಒಪ್ಪಿದವರಲ್ಲ. ಬೆಳಗ್ಗೆ ಹಿತ್ತಿಲಿಗೆ ಒಂದು ಸುತ್ತು ಬಂದು, ಸೆರಗಿನಲ್ಲಿ ನಾಲ್ಕು ಬಗೆಯ ಕುಡಿಗಳನ್ನು ಕಟ್ಟಿ ತಂದರೆ ಮಧ್ಯಾಹ್ನದ ಊಟಕ್ಕೆ ದಾರಿಯಾಯಿತು. ದೇವಾಲಯಗಳ ಚರಿತ್ರೆಗೆ ಶಿಲಾಶಾಸನಗಳುಂಟು, ತಾಮ್ರಪಟಗಳುಂಟು. ಮನೆಯಡುಗೆಯ ಚರಿತ್ರೆಗೆ ಅಂಥ ಶಾಸನಗಳಿಲ್ಲ. ಅದು ಸೊಪ್ಪುಗಳ ಹೆಸರಿನಲ್ಲಿ, ಅರೆಯುವ ಕಲ್ಲಿನಲ್ಲಿ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಕೈಯಳತೆಯಲ್ಲಿ ಉಳಿದುಕೊಂಡಿದೆ.

ಅಡುಗೆಯನ್ನು ಶಾಸ್ತ್ರವೆಂದು ಗೌರವಿಸಿದ ಪರಂಪರೆ ಕನ್ನಡದಲ್ಲಿ ಬಹು ಹಳೆಯದು. ಇಮ್ಮಡಿ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ಜಲಶೋಧನೆ, ಪಶುವೈದ್ಯಗಳೊಂದಿಗೆ ಸೂಪಶಾಸ್ತ್ರಕ್ಕೂ ಸ್ಥಾನವಿದೆ. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ಷಟ್ಪದಿಯಲ್ಲಿ ಬರೆದು, ಸಸ್ಯಾಹಾರದ ಪಾಕಗಳನ್ನು ವರ್ಣಿಸಿದನು. ಜಲಶೋಧನೆಯೂ ಸಾರಿನ ಒಗ್ಗರಣೆಯೂ ಒಂದೇ ಗ್ರಂಥದಲ್ಲಿ ಬರಬಹುದಾದ ವಿದ್ಯೆಗಳೆಂದು ತಿಳಿದವರು ಆ ಹಿರಿಯರು.

ಚಾವುಂಡರಾಯನ ಕಾಲದ ಅಡುಗೆಮನೆಯಲ್ಲಿ ಇಂದಿನ ಕೆಂಪುಮೆಣಸು ಇರಲಿಲ್ಲ. ಅಡುಗೆಗೆ ಖಾರ ಬರುತ್ತಿದ್ದುದು ಕರಾವಳಿಯ ಮೆಣಸಿನ ಬಳ್ಳಿಯಿಂದ ಮತ್ತು ಶುಂಠಿಯಿಂದ. 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಪ್ರವಾಸಿ ಇಬ್ನ್ ಬತೂತನು ಇಲ್ಲಿ ಮೆಣಸು ಮತ್ತು ಶುಂಠಿ ಹೇರಳವೆಂದು ಬರೆದಿದ್ದಾನೆ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದೂ ಈ ಮೆಣಸಿನ ಆಸೆಯಿಂದಲೇ. ಬಂದವರು ಮೆಣಸನ್ನು ಕೊಂಡೊಯ್ದರು. ಅವರ ವ್ಯಾಪಾರದ ಮೂಲಕ ಅಮೆರಿಕದ ಗಿಡಗಳಾದ ಕೆಂಪುಮೆಣಸು, ಗೇರು, ಪೇರಳೆ, ಅನಾನಸು ಮುಂತಾದುವು ಇಲ್ಲಿಗೆ ಬಂದವು. ಹೊಸ ಖಾರವು ಹಳೆಯದರ ಹೆಸರನ್ನೇ ತೆಗೆದುಕೊಂಡು 'ಮೆಣಸು' ಎನಿಸಿಕೊಂಡಿತು. ಆಗ ಹಳೆಯದನ್ನು ಬೇರ್ಪಡಿಸಿ ಕರೆಯಬೇಕಾಯಿತು. ಈ ಸೀಮೆಯ ಕನ್ನಡದಲ್ಲಿ ಅದು 'ಒಳ್ಳೆಮೆಣಸು', ತುಳುವಿನಲ್ಲಿ 'ಎಡ್ಡೆಮುಂಚಿ', ಮಲಯಾಳದಲ್ಲಿ 'ನಲ್ಲಮುಳಗ್'. ಮೂರು ಭಾಷೆಗಳೂ ಹಳೆಯದನ್ನೇ 'ಒಳ್ಳೆಯದು' ಎಂದು ಕರೆದುದು ಗಮನಾರ್ಹವಾಗಿದೆ.

ಆ ಹಳೆಯ ಅಡುಗೆ ಪೂರ್ತಿಯಾಗಿ ಅಳಿದಿಲ್ಲ. ಅನೇಕ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಕೆಂಪುಮೆಣಸಿಲ್ಲ, ಬಟಾಟೆಯಿಲ್ಲ, ಟೊಮೆಟೊ ಇಲ್ಲ. ಒಳ್ಳೆಮೆಣಸು, ಜೀರಿಗೆ, ಶುಂಠಿ, ತೆಂಗಿನಕಾಯಿಗಳೇ ಅಲ್ಲಿ ಸಾಕು. ಪಿತೃಗಳಿಗೆ ಅವರು ಉಂಡುದನ್ನೇ ಬಡಿಸಬೇಕೆಂಬ ಶ್ರದ್ಧೆಯು ಐದು ನೂರು ವರ್ಷಗಳ ಹಿಂದಿನ ಊಟದ ಎಲೆಯನ್ನು ಕಾಪಾಡಿಕೊಂಡು ಬಂದಿದೆ.

ಸೊಪ್ಪುಗಳ ಕಥೆ ಮಳೆಗಾಲದೊಂದಿಗೆ ಹೆಣೆದುಕೊಂಡಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಆಟಿ ತಿಂಗಳೆಂದರೆ ತರಕಾರಿ ಕೊಳೆಯುವ, ಕೂಲಿ ಇಲ್ಲದ, ಭತ್ತದ ಕಣಜ ಬರಿದಾಗುವ ಕಾಲ. ಆಗ ನೆಡದೆ, ಬಿತ್ತದೆ ತಾನಾಗಿ ಬರುವ ಸೊಪ್ಪುಗಳೇ ಮನೆಯನ್ನು ಸಾಕಿದವು. ತಗಟೆಯ ಚಿಗುರು ಪಲ್ಯವಾಯಿತು. ಕೆಸುವಿನ ಎಲೆ ಪತ್ರೊಡೆಯಾಯಿತು. ಕೆಸುವಿನಲ್ಲಿರುವ ಸೂಜಿಯಂಥ ಹರಳುಗಳು ಗಂಟಲನ್ನು ತುರಿಸುತ್ತವೆ. ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಿದರೆ ತುರಿಕೆ ಅಡಗುತ್ತದೆ. ಯಾವ ಪ್ರಯೋಗಶಾಲೆಯೂ ಇಲ್ಲದೆ ಇದನ್ನು ಕಂಡುಕೊಂಡವರು ಹೆಂಗಸರು. ನಾಗರಪಂಚಮಿಗೆ ಅರಶಿನ ಎಲೆಯ ಕಡುಬು, ಆಟಿ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಎಂದು ಹಬ್ಬಗಳೂ ಈ ಸೊಪ್ಪು-ತೊಗಟೆಗಳ ಲೆಕ್ಕದಲ್ಲೇ ನಡೆದವು.

ತಂಬುಳಿಯಂತೂ ಬಡವ-ಬಲ್ಲಿದರೆಂಬ ಭೇದವಿಲ್ಲದ ಖಾದ್ಯ. 'ತಣ್' ಮತ್ತು 'ಪುಳಿ' ಸೇರಿ ಈ ಹೆಸರಾಯಿತೆಂದು ಬಿಡಿಸುವುದುಂಟು. ಒಂದೆಲಗವನ್ನು ಬೇರುಸಹಿತ ತೊಳೆದು, ತೆಂಗಿನಕಾಯಿ ಮತ್ತು ನಾಲ್ಕು ಕಾಳು ಒಳ್ಳೆಮೆಣಸಿನೊಂದಿಗೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿದರೆ ಮುಗಿಯಿತು. ಒಲೆಯೇ ಬೇಡ. ದೊಡ್ಡಪತ್ರೆಯಾದರೆ ತುಪ್ಪದಲ್ಲಿ ಬಾಡಿಸಿ ಅರೆಯಬೇಕು. ಪೇರಳೆ, ದಾಳಿಂಬೆ, ನೇರಳೆ ಮುಂತಾದ ಕುಡಿಗಳನ್ನು ಜೀರಿಗೆಯೊಂದಿಗೆ ಹುರಿದು ಮಾಡಿದ ಕುಡಿ ತಂಬುಳಿ ಹೊಟ್ಟೆ ಕೆಟ್ಟಾಗಿನ ಪಥ್ಯ. ಅಮೆರಿಕದಿಂದ ಬಂದ ಪೇರಳೆಯೂ ಹೀಗೆ ಹಿತ್ತಿಲಿನವರಲ್ಲಿ ಒಬ್ಬನಾಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಕೇರಳದ ಪಾಲಾಯಿತು. ಕಚೇರಿಯ ಭಾಷೆ ಬದಲಾಯಿತು, ಬಸ್ಸಿನ ಫಲಕ ಬದಲಾಯಿತು. ಆದರೆ ಅಡುಗೆಮನೆಯಲ್ಲಿ ಗಡಿ ಎಳೆಯಲು ಯಾರಿಂದಲೂ ಆಗಲಿಲ್ಲ. ಒಂದೇ ಸೊಪ್ಪನ್ನು ಕನ್ನಡದವರು 'ತಗಟೆ' ಎಂದರು, ತುಳುವರು 'ತಜಂಕ್' ಎಂದರು, ಮಲಯಾಳದವರು 'ತಗರ' ಎಂದರು. ಕೊಯ್ದುದು ಒಂದೇ ಬೇಲಿಯಿಂದ. ಮಕ್ಕಳು ಯಾವ ಮಾಧ್ಯಮದ ಶಾಲೆಗೆ ಹೋದರೂ, 'ಒಂದೆಲಗ ತಾ' ಎಂದು ಅಜ್ಜಿ ಹೇಳಿದ ಮಾತು ಕನ್ನಡದಲ್ಲೇ ಉಳಿಯಿತು.

ಗಡಿಯಿಂದ ಆಗದ ಹಾನಿ ಬೇರೆ ದಾರಿಯಿಂದ ಆಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗುಡ್ಡಗಳ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತಪ್ಪಲಿನ ಮನೆ, ತೋಡು, ಬಾವಿ, ಹಿತ್ತಿಲುಗಳನ್ನು ಆ ವಿಷ ಬಿಡಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ನಿಷೇಧಿಸಿತು. ನೊಂದ ಮನೆಗಳ ದುಃಖ ಮಾತ್ರ ಇನ್ನೂ ಆರಿಲ್ಲ. ಇಂದು ಗುಡ್ಡಗಳಿಗೆ ರಬ್ಬರು ಬಂದಿದೆ. ಅಡಿಕೆ ತೋಟದ ತೇವದಲ್ಲಿ ಹಬ್ಬುತ್ತಿದ್ದ ಒಂದೆಲಗವು ಕಳೆನಾಶಕಕ್ಕೆ ಬಲಿಯಾಗುತ್ತಿದೆ. ಸೊಪ್ಪು ಹೋದ ಮೇಲೆ ಅದರ ಹೆಸರು ಉಳಿಯದು. ಹೆಸರು ಹೋದ ಮೇಲೆ ಆ ತಂಬುಳಿಯ ಪಾಠವೂ ಉಳಿಯದು.

ಇಂಥ ಕಾಲದಲ್ಲಿ ಉತ್ಸವದ ಹಸಿರುವಾಣಿ ಹೊರೆಕಾಣಿಕೆಗೆ ಹೊಸ ಅರ್ಥ ಬರುತ್ತದೆ. ಊರ ಭಕ್ತರು ತೆಂಗು, ಬಾಳೆ, ಸೌತೆ, ಬಸಳೆಗಳನ್ನು ಹೊತ್ತು ತಂದು ಶ್ರೀದೇವರ ಮುಂದಿರಿಸುವುದು ಅನ್ನದಾನದ ಉಗ್ರಾಣ ತುಂಬಲು ಮಾತ್ರವಲ್ಲ. ಪ್ರತಿಯೊಂದು ಮನೆಯ ಹಿತ್ತಿಲು ದೇವರ ಅಂಗಳಕ್ಕೆ ಬರುವ ದಿನ ಅದು. ಕಾಣಿಕೆಯ ಬುಟ್ಟಿಯಲ್ಲಿ ಒಂದು ಹಿಡಿ ಒಂದೆಲಗ, ಒಂದು ಕಟ್ಟು ಅರಶಿನ ಎಲೆ, ಒಂದು ದೊಡ್ಡಪತ್ರೆಯ ಗೆಲ್ಲು ಇದ್ದರೆ ಅದನ್ನು ಬೆಳೆಸಿದ ಹಿತ್ತಿಲೂ ಊರಿನಲ್ಲಿ ಇದೆ ಎಂದಾಯಿತು. ಗೆಲ್ಲು ನೆಟ್ಟರೆ ದೊಡ್ಡಪತ್ರೆ ಎಲ್ಲಿಯೂ ಬದುಕುತ್ತದೆ. ಉತ್ಸವ ಮುಗಿಸಿ ಮರಳುವ ಭಕ್ತರು ಪ್ರಸಾದದೊಂದಿಗೆ ಒಂದು ಗೆಲ್ಲನ್ನೂ ಒಯ್ದು ನೆಟ್ಟರೆ, ಮುಂದಿನ ಮಳೆಗಾಲಕ್ಕೆ ಆ ಮನೆಯಲ್ಲೂ ತಂಬುಳಿ ಸಿದ್ಧವಾಗುವುದರಲ್ಲಿ ಸಂದೇಹವಿಲ್ಲ.